ನಾಯಕರ ತೆರಿಗೆ ರಿಟರ್ನ್ ನಮಗೇಕೆ ಬೇಕು: ಗೆಳೆಯನಿಗೊಂದು ಪತ್ರ

ಬದಿಯಡ್ಕ, ಕಾಸರಗೋಡು

ಪ್ರಿಯ ಗೆಳೆಯ,

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಪತ್ರ ತಲುಪಿತು. ಜನಪ್ರತಿನಿಧಿಗಳ ಆದಾಯ ತೆರಿಗೆ ರಿಟರ್ನ್‌ಗಳನ್ನು ಸಾರ್ವಜನಿಕರ ಮುಂದಿಡಬೇಕೆಂಬ ನನ್ನ ಮಾತಿಗೆ ನೀನು ಎತ್ತಿದ ಆಕ್ಷೇಪಗಳು ಹಗುರವಾದವಲ್ಲ. ಮಂಗಳೂರಿನಲ್ಲಿ ಕುಳಿತು ದಿನವಿಡೀ ಇತರರ ರಿಟರ್ನ್ ಸಿದ್ಧಪಡಿಸುವವನು ನೀನು; ಆ ಹಾಳೆಗಳಲ್ಲಿ ಒಬ್ಬ ಮನುಷ್ಯನ ಸಂಸಾರ ಎಷ್ಟು ಬಯಲಾಗುತ್ತದೆ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಯಾಕೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಮ್ಮ ಉಳಿದ ಗೆಳೆಯರೂ ಓದಲೆಂದು ಈ ಪತ್ರವನ್ನು ಎಲ್ಲರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಾಮಪತ್ರದ ಜೊತೆ ಅಭ್ಯರ್ಥಿ ಪ್ರಮಾಣ ಮಾಡಿ ಸಲ್ಲಿಸುವ ಚುನಾವಣಾ ಅಫಿಡವಿಟ್ ಇರುವಾಗ ರಿಟರ್ನ್ ಬೇರೆ ಏಕೆ ಎಂಬುದು ನಿನ್ನ ಮೊದಲ ಪ್ರಶ್ನೆ. ಆ ಅಫಿಡವಿಟ್ಟಾದರೂ ನಮಗೆ ಸುಲಭವಾಗಿ ಸಿಕ್ಕಿದ್ದಲ್ಲ. 2002ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆ, ವಿದ್ಯಾಭ್ಯಾಸಗಳ ವಿವರ ಪಡೆಯುವುದು ಮತದಾರನ ಹಕ್ಕು ಎಂದಿತು. ಆಗ ಸಂಸತ್ತು ಆ ತೀರ್ಪಿನ ಬಹುಪಾಲನ್ನು ನಿಷ್ಫಲಗೊಳಿಸುವಂಥ ತಿದ್ದುಪಡಿ ತಂದಿತು. 2003ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2018ರ ಇನ್ನೊಂದು ತೀರ್ಪಿನ ಬಳಿಕ ಆದಾಯದ ಮೂಲವನ್ನೂ ಬರೆಯಬೇಕಾಯಿತು. 2019ರ ಫೆಬ್ರವರಿಯಿಂದ ಐದು ವರ್ಷಗಳ ರಿಟರ್ನ್‌ನಲ್ಲಿ ತೋರಿಸಿದ ಆದಾಯವನ್ನು ತನ್ನದು, ಬಾಳಸಂಗಾತಿಯದು, ಅವಿಭಕ್ತ ಕುಟುಂಬದ್ದು, ಅವಲಂಬಿತರದ್ದು ಎಂದು ಬೇರೆ ಬೇರೆಯಾಗಿ ನಮೂದಿಸಬೇಕೆಂಬ ನಿಯಮ ಬಂತು. ಇಷ್ಟೂ ನಡೆದದ್ದು ನ್ಯಾಯಾಲಯದ ಒತ್ತಾಯದಿಂದ, ಇಲ್ಲವೇ ಜನರ ಒತ್ತಡದಿಂದ. ಅಧಿಕಾರದಲ್ಲಿದ್ದವರು ತಾವಾಗಿ ಬಾಗಿಲು ತೆರೆದುಕೊಟ್ಟದ್ದು ನನಗಂತೂ ನೆನಪಿಲ್ಲ.

ಆದರೆ ಆ ಅಫಿಡವಿಟ್ ಬರೆಯುವ 26ನೇ ನಮೂನೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡು. ಪ್ರತಿ ಪುಟದಲ್ಲೂ ನೋಟರಿಯ ಮೊಹರು, ಅಭ್ಯರ್ಥಿಯ ಸಹಿ. ಒಂದು ಕೋಷ್ಟಕದಲ್ಲಿ ಹೆಸರು, ಪಾನ್, ಕೊನೆಯ ಬಾರಿ ರಿಟರ್ನ್ ಸಲ್ಲಿಸಿದ ವರ್ಷ. ಅದರ ಪಕ್ಕದಲ್ಲಿ ಐದು ವರ್ಷಗಳಿಗೆ ಐದು ಮೊತ್ತಗಳು. ಅಲ್ಲಿಗೆ ಮುಗಿಯಿತು. ಆ ಮೊತ್ತದಲ್ಲಿ ಬಾಡಿಗೆ ಎಷ್ಟು, ಪಾಲುದಾರಿಕೆಯ ಲಾಭ ಎಷ್ಟು, ಜಾಗ ಮಾರಿ ಬಂದದ್ದೆಷ್ಟು, ಯಾವ ವಿನಾಯಿತಿಗಳನ್ನು ಕಳೆದ ಮೇಲೆ ಉಳಿದದ್ದು ಇದು ಎಂಬುದು ಅಲ್ಲಿ ಕಾಣುವುದಿಲ್ಲ. ಆದಾಯದ ಮೂಲ ಎಂಬ ಕಡೆ 'ವ್ಯಾಪಾರ ಮತ್ತು ಕೃಷಿ' ಎಂಬ ಎರಡು ಮಾತು ಬರೆದರೆ ಸಾಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ನಾನು ನೋಡಿದ ಅಫಿಡವಿಟ್‌ಗಳು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದವು. ಮಂಜೇಶ್ವರದ ಕನ್ನಡ ಮತದಾರನಿಗೆ ಅವೂ ದೂರವೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೃಷಿ ಆದಾಯದ ವಿಷಯವನ್ನು ನಾನು ವಿಶೇಷವಾಗಿ ಎತ್ತುವುದಕ್ಕೆ ಕಾರಣವಿದೆ. ಕೇಂದ್ರದ ಆದಾಯ ತೆರಿಗೆಯಿಂದ ಅದಕ್ಕೆ ಪೂರ್ಣ ವಿನಾಯಿತಿ ಇರುವುದರಿಂದ ರಿಟರ್ನ್‌ನ ಒಟ್ಟು ಆದಾಯದಲ್ಲಿ ಅದು ಸೇರುವುದೇ ಇಲ್ಲ. ಎಲ್ಲಿಂದಲೋ ಬಂದ ಹಣಕ್ಕೆ ತೋಟದ ಹೆಸರು ಹೇಳುವುದು ಅದರಿಂದಾಗಿಯೇ ಸುಲಭ. ಆದರೆ ಪೂರ್ಣ ರಿಟರ್ನ್‌ನಲ್ಲಿ ಏನಿರುತ್ತದೆ ಎಂಬುದು ನಿನಗೆ ಗೊತ್ತು. ಕೃಷಿ ಆದಾಯ 5 ಲಕ್ಷ ರೂಪಾಯಿ ಮೀರಿದರೆ ಭೂಮಿ ಯಾವ ಜಿಲ್ಲೆಯಲ್ಲಿದೆ, ಅದರ ಪಿನ್‌ಕೋಡ್ ಯಾವುದು, ವಿಸ್ತೀರ್ಣ ಎಷ್ಟು ಎಕರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯದ್ದೋ ಮಳೆಯನ್ನೇ ನಂಬಿದ್ದೋ ಎಂದು ಬರೆಯಬೇಕು. ಈ ಒಂದು ಪುಟ ನಮ್ಮೂರಿನವರ ಕೈಗೆ ಸಿಕ್ಕಿದರೆ ಯಾವ ಅಧಿಕಾರಿಯೂ ಮಾಡಲಾರದ ಪರಿಶೀಲನೆಯನ್ನು ಅವರು ಮಾಡಿಯಾರು. ಎಕರೆಗೆ ಸುಮಾರು 500 ಅಡಿಕೆ ಮರ, ಚೆನ್ನಾಗಿ ನೋಡಿಕೊಂಡ ತೋಟದಲ್ಲಿ ಮರವೊಂದಕ್ಕೆ 2 ಕಿಲೋದಷ್ಟು ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಎಂಬ ಲೆಕ್ಕ ಇಲ್ಲಿನ ಪ್ರತಿಯೊಬ್ಬ ಬೆಳೆಗಾರನಿಗೂ ಬಾಯಿಪಾಠ. ಆ ವರ್ಷ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೊಟ್ಟ ದರ ಎಲ್ಲರಿಗೂ ಗೊತ್ತಿರುತ್ತದೆ. ಮಳೆ ಬಿಡದೆ ಸುರಿದು, ಬೋರ್ಡೋ ದ್ರಾವಣ ಸಿಂಪಡಿಸಲು ಬಿಡುವೇ ಸಿಗದೆ, ಕೊಳೆರೋಗಕ್ಕೆ ಸಿಕ್ಕಿ ಊರಿಡೀ ಎಳೆಯ ಕಾಯಿಗಳು ಉದುರಿದ ವರ್ಷದಲ್ಲಿ ಒಬ್ಬ ನಾಯಕರ ನಾಲ್ಕು ಎಕರೆ ತೋಟದ ಆದಾಯ ಮಾತ್ರ ಏರಿದ್ದರೆ, ಅದನ್ನು ಕೇಳಲು ತೆರಿಗೆ ಶಾಸ್ತ್ರ ಓದಿರಬೇಕಾಗಿಲ್ಲ.

ಒಟ್ಟು ಮೊತ್ತಕ್ಕೂ ಪೂರ್ಣ ರಿಟರ್ನ್‌ಗೂ ಇರುವ ಅಂತರಕ್ಕೆ ಅಮೆರಿಕದ ಒಂದು ಪ್ರಸಂಗವನ್ನು ನೆನಪಿಸಬೇಕು. ರಿಚರ್ಡ್ ನಿಕ್ಸನ್ ಅಧ್ಯಕ್ಷರಾಗಿದ್ದಾಗ 1970ರಲ್ಲಿ ಎರಡು ಲಕ್ಷ ಡಾಲರಿಗೂ ಮಿಕ್ಕಿದ ಆದಾಯಕ್ಕೆ ಕಟ್ಟಿದ ತೆರಿಗೆ 800 ಡಾಲರಿಗಿಂತಲೂ ಕಡಿಮೆ. 1973ರಲ್ಲಿ ಇದು ಪತ್ರಿಕೆಯಲ್ಲಿ ಬಯಲಾಗಿ, ಕೊನೆಗೆ ಅವರು ತಮ್ಮ ರಿಟರ್ನ್‌ಗಳನ್ನೇ ಪ್ರಕಟಿಸಬೇಕಾಯಿತು. ತಮ್ಮ ಹಳೆಯ ಕಾಗದಪತ್ರಗಳನ್ನು ರಾಷ್ಟ್ರೀಯ ದಾಖಲೆ ಸಂಗ್ರಹಕ್ಕೆ ದಾನ ಮಾಡಿದೆನೆಂದು ಅವರು ದೊಡ್ಡ ಮೊತ್ತದ ವಿನಾಯಿತಿ ಪಡೆದಿದ್ದರು. ಅಂಥ ವಿನಾಯಿತಿಯನ್ನು ಕಾನೂನು 1969ರ ಜುಲೈ ಕೊನೆಯಲ್ಲೇ ನಿಲ್ಲಿಸಿತ್ತು, ದಾನಪತ್ರಕ್ಕೆ ಅದಕ್ಕಿಂತ ಹಿಂದಿನ ದಿನಾಂಕ ಹಾಕಲಾಗಿತ್ತು. ಇಂಥದ್ದು ಗೊತ್ತಾಗುವುದು ಒಟ್ಟು ಮೊತ್ತದಿಂದಲ್ಲ, ವಿನಾಯಿತಿಗಳ ವಿವರದಿಂದ. ಆ ಬಳಿಕ ಅಧ್ಯಕ್ಷ ಅಭ್ಯರ್ಥಿಗಳು ರಿಟರ್ನ್ ಪ್ರಕಟಿಸುವುದು ರೂಢಿಯಾಯಿತು, ಕಾನೂನಾಗಲಿಲ್ಲ; ಹಾಗಾಗಿ 2016ರಲ್ಲಿ ಡೊನಾಲ್ಡ್ ಟ್ರಂಪ್ ಅದನ್ನು ಪಾಲಿಸದಿದ್ದಾಗ ಯಾರೂ ಏನೂ ಮಾಡುವಂತಿರಲಿಲ್ಲ. ದೀರ್ಘ ಕಾನೂನು ಹೋರಾಟದ ಬಳಿಕ 2022ರ ಡಿಸೆಂಬರ್ 30ರಂದು ಸಂಸದೀಯ ಸಮಿತಿಯೊಂದು ಅವರ ಆರು ವರ್ಷಗಳ ರಿಟರ್ನ್‌ಗಳನ್ನು ಪ್ರಕಟಿಸಿತು. ಅದೇ ಸಮಿತಿ ಇನ್ನೊಂದು ಸಂಗತಿಯನ್ನೂ ಹೊರಗೆಡಹಿತು: ಅಧ್ಯಕ್ಷರ ರಿಟರ್ನ್‌ಗಳನ್ನು ಕಡ್ಡಾಯವಾಗಿ ಪರಿಶೀಲಿಸಬೇಕೆಂಬ ತೆರಿಗೆ ಇಲಾಖೆಯ ಸ್ವಂತ ನಿಯಮ ಅವರ ಅಧಿಕಾರದ ಮೊದಲ ಎರಡು ವರ್ಷ ಪಾಲನೆಯಾಗಿರಲಿಲ್ಲ. ಇಲಾಖೆ ನೋಡಿಕೊಳ್ಳುತ್ತದೆ, ಜನರೇಕೆ ನೋಡಬೇಕು ಎನ್ನುವ ನಿನ್ನ ವಾದಕ್ಕೆ ನನ್ನ ಉತ್ತರ ಇದೇ. ತನ್ನನ್ನು ವರ್ಗಾಯಿಸಬಲ್ಲವರ ಲೆಕ್ಕವನ್ನು ಅಧಿಕಾರಿ ಎಷ್ಟು ಧೈರ್ಯದಿಂದ ತೆರೆದು ನೋಡಿಯಾನು?

ನಮ್ಮಲ್ಲೂ ಲೆಕ್ಕ ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಉದಾಹರಣೆ ಇಲ್ಲದಿಲ್ಲ. ಉತ್ತರ ಪ್ರದೇಶದಲ್ಲಿ 1981ರ ಒಂದು ಕಾನೂನಿನ ಪ್ರಕಾರ ಮಂತ್ರಿಗಳ ಆದಾಯ ತೆರಿಗೆಯನ್ನು ರಾಜ್ಯದ ಬೊಕ್ಕಸವೇ ಕಟ್ಟುತ್ತಿತ್ತು. ಅದು ನಿಂತದ್ದು 2019ರಲ್ಲಿ, ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ.

ಖಾಸಗಿತನದ ಬಗ್ಗೆ ನೀನು ಬರೆದದ್ದನ್ನು ನಾನು ಅಲಕ್ಷಿಸುವುದಿಲ್ಲ. ಆದಾಯ ತೆರಿಗೆ ರಿಟರ್ನ್ ವೈಯಕ್ತಿಕ ಮಾಹಿತಿ, ವಿಶಾಲ ಸಾರ್ವಜನಿಕ ಹಿತ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೊಡಬೇಕಾಗಿಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಅದು ಒಬ್ಬ ಸರಕಾರಿ ನೌಕರನ ಪ್ರಕರಣ. ಮತ ಕೇಳಿ ಬಂದವರದ್ದಲ್ಲ. ಅಭ್ಯರ್ಥಿ ತನ್ನ ಪ್ರತಿಯೊಂದು ಚರಸ್ವತ್ತನ್ನೂ ಬಿಚ್ಚಿಡಬೇಕಾಗಿಲ್ಲ ಎಂಬ 2024ರ ಏಪ್ರಿಲ್‌ನ ತೀರ್ಪನ್ನು ನಾನು ಒಪ್ಪುತ್ತೇನೆ. ಶಾಸಕರ ಮನೆಯಲ್ಲಿ ಎಷ್ಟು ಕೈಗಡಿಯಾರಗಳಿವೆ ಎಂಬ ಕುತೂಹಲ ನನಗಿಲ್ಲ. ನಾರ್ವೆಯಲ್ಲಿರುವಂತೆ ಎಲ್ಲ ನಾಗರಿಕರ ಆದಾಯ, ತೆರಿಗೆಗಳ ಪಟ್ಟಿ ಪ್ರಕಟವಾಗಲಿ ಎಂದೂ ನಾನು ಕೇಳುತ್ತಿಲ್ಲ. ಮನೆ ಸಾಲಕ್ಕೆ ಅರ್ಜಿ ಹಾಕಿದ ಸಣ್ಣ ವ್ಯಾಪಾರಿಯಿಂದ ಬ್ಯಾಂಕು ಮೂರು ವರ್ಷಗಳ ರಿಟರ್ನ್ ಕೇಳಿದಾಗ ನಾವ್ಯಾರೂ ಖಾಸಗಿತನದ ಮಾತೆತ್ತುವುದಿಲ್ಲ. ಬೊಕ್ಕಸದ ಬೀಗದ ಕೈಯನ್ನೇ ಕೇಳುವವರಿಂದ ಅಷ್ಟನ್ನು ಅಪೇಕ್ಷಿಸುವುದು ಅತಿಯಲ್ಲ.

ಇನ್ನು ಕಾಲದ ಪ್ರಶ್ನೆ. ಅಫಿಡವಿಟ್ ಬರುವುದು ಅಧಿಕಾರಕ್ಕೆ ಮೊದಲು. ನಮಗೆ ತಿಳಿಯಬೇಕಾದದ್ದು ಅಧಿಕಾರದಲ್ಲಿರುವಾಗ ಏನಾಯಿತೆಂಬುದು. ಮತ್ತೆ ಸ್ಪರ್ಧಿಸದವರ ಐದು ವರ್ಷಗಳ ಲೆಕ್ಕ ಎಂದಿಗೂ ಹೊರಬರುವುದಿಲ್ಲ. ತಲಪಾಡಿ ಗಡಿಯ ಆಚೆ, ಕರ್ನಾಟಕದ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಆಸ್ತಿ ವಿವರ ಕೊಡಬೇಕು; ಈಚೆ, ಕೇರಳದ 1999ರ ಲೋಕಾಯುಕ್ತ ಕಾನೂನಿನಲ್ಲಿ ಅದು ಎರಡು ವರ್ಷಕ್ಕೊಮ್ಮೆ. ಎರಡೂ ಕಡೆ ಅದು ಆಸ್ತಿಯ ಪಟ್ಟಿಯೇ ಹೊರತು ಆದಾಯದ ದಾರಿಯಲ್ಲ. ಆದ್ದರಿಂದ ಶಾಸಕ, ಸಂಸದ, ಮಂತ್ರಿಗಳು ಅಧಿಕಾರದಲ್ಲಿರುವಷ್ಟು ಕಾಲ, ಮತ್ತು ಬಿಟ್ಟ ಮೇಲೆ ಎರಡು ವರ್ಷ, ಆಯಾ ವರ್ಷದ ರಿಟರ್ನನ್ನು ಪೂರ್ತಿಯಾಗಿ ಪ್ರಕಟಿಸಬೇಕು ಎಂಬುದು ನನ್ನ ಬೇಡಿಕೆ.

ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಹಣ ಶುದ್ಧವಾಗುವುದಿಲ್ಲ ಎಂದು ನೀನು ಬರೆದದ್ದು ಸರಿ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ 2017ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ತೆರಿಗೆ ಇಲಾಖೆ ಒಪ್ಪಿಕೊಂಡ ರಿಟರ್ನ್ ಆದಾಯದ ಮೂಲ ಕಾನೂನುಬದ್ಧ ಎಂಬುದಕ್ಕೆ ಸಾಕ್ಷಿಯಾಗದು. ಆದರೆ ಸುಳ್ಳು ಬರೆಯುವವನು ಯಾವ ಸುಳ್ಳನ್ನು ಆರಿಸಿಕೊಂಡ ಎಂಬುದಾದರೂ ಅಲ್ಲಿ ದಾಖಲಾಗಿರುತ್ತದೆ. ಬಯಲಲ್ಲಿಟ್ಟ ಸುಳ್ಳನ್ನು ಪಕ್ಕದ ತೋಟದವನೂ ಪ್ರಶ್ನಿಸಬಲ್ಲ. ಕಡತದೊಳಗಿನ ಸುಳ್ಳು ಮೊಕದ್ದಮೆ ಹೂಡುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ನಿನ್ನಿಂದ ಒಂದು ಉಪಕಾರವಾಗಬೇಕು. ಕಾನೂನು ಬರುವವರೆಗೆ ಕಾಯುವುದು ಬೇಡ, ನಮ್ಮ ಶಾಸಕರಿಗೂ ಸಂಸದರಿಗೂ ಸ್ವಯಂಪ್ರೇರಣೆಯಿಂದ ರಿಟರ್ನ್ ಪ್ರಕಟಿಸುವಂತೆ ಕನ್ನಡ, ಮಲಯಾಳ ಎರಡರಲ್ಲೂ ಮನವಿ ಕೊಡೋಣ ಎಂದು ಇಲ್ಲಿನ ಕೆಲವು ಕೃಷಿಕರೂ ಅಧ್ಯಾಪಕರೂ ಮಾತಾಡಿಕೊಂಡಿದ್ದೇವೆ. ಪಾನ್, ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ, ಮನೆ ವಿಳಾಸ, ಮಕ್ಕಳ ವಿವರ, ಆರೋಗ್ಯಕ್ಕೆ ಸಂಬಂಧಿಸಿದ ವಿನಾಯಿತಿಗಳು ಇವನ್ನೆಲ್ಲ ಮಸಿ ಹಚ್ಚಿ ಮರೆಸಬೇಕೆಂದು ನಾವೇ ಮನವಿಯಲ್ಲಿ ಬರೆಯುತ್ತೇವೆ. ಇನ್ನೇನನ್ನು ಮರೆಸಬೇಕು, ಯಾವುದನ್ನು ಯಾವ ಕಾರಣಕ್ಕೂ ಮರೆಸಬಾರದು ಎಂಬುದನ್ನು ರಿಟರ್ನ್‌ನ ಒಂದೊಂದೇ ಅನುಸೂಚಿ ನೋಡಿ ನೀನು ಗುರುತು ಹಾಕಿ ಕಳುಹಿಸು. ನಮ್ಮ ಬೇಡಿಕೆಯನ್ನು ನೀನು ಒಪ್ಪದಿದ್ದರೂ ಪರವಾಗಿಲ್ಲ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ನಿನ್ನಷ್ಟು ಬಲ್ಲವರು ನಮ್ಮಲ್ಲಿಲ್ಲ. ಈ ತಿಂಗಳ ಕೊನೆಯೊಳಗೆ ಸಿಕ್ಕಿದರೆ ಒಳ್ಳೆಯದು.

ಮನೆಯವರಿಗೆಲ್ಲ ನಮ್ಮ ನಮಸ್ಕಾರ ತಿಳಿಸು.

ನಿನ್ನ ಗೆಳೆಯ