ಆಸ್ಪತ್ರೆಯಲ್ಲಿ ಹುಟ್ಟಿದ ಪ್ರಶ್ನೆಗೂ ಪಿಎಚ್.ಡಿ.ಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಪಿಎಚ್.ಡಿ. ಪ್ರವೇಶದ ಪ್ರಕಟಣೆಗಳು ಹೊರಬೀಳುತ್ತಿರುವ ಈ ದಿನಗಳಲ್ಲಿ, ದೇಹ ಹಾಗೂ ಚಿಕಿತ್ಸೆಯ ಪ್ರಶ್ನೆಗಳಿಗೆ ಎಂಜಿನಿಯರಿಂಗ್ ಬಳಸುವ ಬಯೋಎಂಜಿನಿಯರಿಂಗ್‌ನಲ್ಲಿ ಸಂಶೋಧನೆ ಮಾಡಬಯಸುವ ವೈದ್ಯಕೀಯ ಭೌತವಿಜ್ಞಾನಿಗಳ ತೊಡಕೊಂದನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಹನ್ನೊಂದು ವರ್ಷಗಳಿಂದ ಕ್ಯಾನ್ಸರ್ ಆಸ್ಪತ್ರೆಯೊಂದರ ವಿಕಿರಣ ಚಿಕಿತ್ಸಾ ವಿಭಾಗದಲ್ಲಿದ್ದೇನೆ. ರೋಗಿಗೆ ಎಷ್ಟು ವಿಕಿರಣ ಕೊಡಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಅಷ್ಟೇ ಪ್ರಮಾಣ, ಹೇಳಿದ ಜಾಗಕ್ಕೇ ತಲುಪುವಂತೆ ಲೆಕ್ಕ ಹಾಕುವುದು, ಯಂತ್ರ ಆ ಲೆಕ್ಕ ತಪ್ಪದೆ ನಡೆಯುತ್ತಿದೆಯೇ ಎಂದು ಬೆಳಿಗ್ಗೆ ಮೊದಲ ರೋಗಿ ಮಲಗುವ ಮುನ್ನ ಅಳೆದು ನೋಡುವುದು ನಮ್ಮ ಹೊಣೆ.

ಈ ಹೊಣೆಗೆ ಪದವಿಯೊಂದೇ ಸಾಲದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ, ಮೆಡಿಕಲ್ ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿದವರು ರೇಡಿಯೊಥೆರಪಿ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮಾಡಲೇಬೇಕು. ಆದರೆ ಸಂಶೋಧನೆಯ ಬಾಗಿಲಿಗೆ ಬಂದಾಗ ಆ ಒಂದು ವರ್ಷ ಯಾವ ಲೆಕ್ಕಕ್ಕೂ ಬರುವುದಿಲ್ಲ. ಪಿಎಚ್.ಡಿ. ಪ್ರವೇಶಕ್ಕೆ ಪರಿಗಣಿಸುವ ನೆಟ್ ಪರೀಕ್ಷೆಯ ಭೌತವಿಜ್ಞಾನ ಪತ್ರಿಕೆ ಕ್ವಾಂಟಂ ಮೆಕ್ಯಾನಿಕ್ಸ್, ಸಂಖ್ಯಾಕಲನ ಭೌತವಿಜ್ಞಾನಗಳನ್ನು ಕೇಳುತ್ತದೆಯೇ ಹೊರತು ದೇಹಕ್ಕೆ ಬೀಳುವ ವಿಕಿರಣದ ಪ್ರಮಾಣವನ್ನು, ಅಂದರೆ ಡೋಸನ್ನು, ಅಳೆಯುವ ಡೋಸಿಮೆಟ್ರಿಯನ್ನಲ್ಲ. 2020ರಿಂದ, ಎಂಜಿನಿಯರಿಂಗ್ ಕಡೆಯ ಪ್ರವೇಶ ಪರೀಕ್ಷೆಯಾದ ಗೇಟ್‌ನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಪತ್ರಿಕೆ ಸೇರಿದ್ದು ಸಂತೋಷದ ಸಂಗತಿಯೇ ಆದರೂ, ಅದರಲ್ಲಿ ಸರ್ಕ್ಯೂಟು, ಸಿಗ್ನಲ್ಲು, ಎಲೆಕ್ಟ್ರಾನಿಕ್ಸ್‌ಗಳ ಪಾಲೇ ದೊಡ್ಡದು. ರಾಜ್ಯದ ಹೊರಗಿನ ಸಂಸ್ಥೆಯೊಂದರ ಬಯೋಎಂಜಿನಿಯರಿಂಗ್ ಸಂದರ್ಶನದಲ್ಲಿ ನನಗೆ ‘ನೀವು ಫಿಸಿಕ್ಸ್ ವಿಭಾಗಕ್ಕೆ ಅರ್ಜಿ ಹಾಕಬಹುದಿತ್ತಲ್ಲ’ ಎಂದರು. ಮರುವರ್ಷ ಫಿಸಿಕ್ಸ್ ವಿಭಾಗದವರು ‘ಇದು ಎಂಜಿನಿಯರಿಂಗ್ ವಿಷಯವಲ್ಲವೇ’ ಎಂದರು. ಇಬ್ಬರೂ ಸೌಜನ್ಯದಿಂದಲೇ ಹೇಳಿದರೆಂಬುದನ್ನು ಒಪ್ಪುತ್ತೇನೆ.

ನಾನು ಕೈಗೆತ್ತಿಕೊಳ್ಳಬೇಕೆಂದಿರುವ ವಿಷಯವನ್ನು ಸ್ವಲ್ಪ ವಿವರಿಸಿದರೆ ತೊಡಕು ಸ್ಪಷ್ಟವಾದೀತು. ಹೊಗೆಸೊಪ್ಪು, ಗುಟ್ಕಾಗಳ ದೆಸೆಯಿಂದ ನಮ್ಮಲ್ಲಿಗೆ ಬರುವವರಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ನವರು ಬಹಳ. ಮೊದಲ ದಿನ ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ ಅವರ ಮುಖದ ಮೇಲೆ ಎಳೆದು ಕೂರಿಸುತ್ತೇವೆ. ಆರಿದ ಮೇಲೆ ಅದು ಅವರದೇ ಮುಖದ ಅಚ್ಚು. ತಲೆ ಅಲುಗದಂತೆ ಅದನ್ನು ತೊಡಿಸಿ, ಸಾಮಾನ್ಯವಾಗಿ ಏಳು ವಾರಗಳಲ್ಲಿ 35 ಬಾರಿ, ಪ್ರತಿ ಬಾರಿ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ) ಒಟ್ಟು 70 ಗ್ರೇ ವಿಕಿರಣ ಕೊಡುತ್ತೇವೆ. ನಾಲ್ಕನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ, ಅನ್ನ ಇಳಿಯದೆ, ಗಂಜಿಯಲ್ಲೇ ದಿನ ದೂಡುವ ರೋಗಿಯ ಕೆನ್ನೆ ಬತ್ತುತ್ತದೆ. ಅಂದು ಬಿಗಿಯಾಗಿ ಕೂತಿದ್ದ ಅಚ್ಚಿನೊಳಗೆ ಈಗ ಬೆರಳು ತೂರುತ್ತದೆ. ಗಡ್ಡೆ ಕುಗ್ಗಿರುತ್ತದೆ, ಕಿವಿಯ ಬುಡದ ಲಾಲಾಗ್ರಂಥಿ ಕುಗ್ಗಿ ಒಳಕ್ಕೆ ಸರಿದಿರುತ್ತದೆ, ಆದರೆ ಡೋಸಿನ ಲೆಕ್ಕ ಮಾತ್ರ ಮೊದಲ ದಿನದ ಸಿ.ಟಿ. ಚಿತ್ರದ್ದು. ಗ್ರಂಥಿಗೆ ಹೆಚ್ಚು ವಿಕಿರಣ ಬಿದ್ದರೆ ರೋಗ ವಾಸಿಯಾದ ಮೇಲೂ ಬಾಯಿ ಒಣಗಿಯೇ ಇರುತ್ತದೆ. ಯಾರಿಗೆ, ಯಾವ ವಾರದಲ್ಲಿ ಲೆಕ್ಕವನ್ನು ಹೊಸದಾಗಿ ಹಾಕಬೇಕು ಎಂದು ಮೊದಲೇ ಹೇಳಬೇಕಾದರೆ ಮೃದು ಅಂಗಾಂಶಗಳು ಕುಗ್ಗುವ ಬಗೆಯ ಗಣಿತ ಮಾದರಿ ಬೇಕು, ಚಿತ್ರದಿಂದ ಚಿತ್ರಕ್ಕೆ ಅಂಗಗಳನ್ನು ಹೊಂದಿಸುವ ವಿಧಾನ ಬೇಕು. ಪ್ರಶ್ನೆ ನಮ್ಮ ಬಳಿ ಇದೆ. ಅದನ್ನು ಬಿಡಿಸುವ ಉಪಕರಣ ಬಯೋಎಂಜಿನಿಯರಿಂಗ್ ವಿಭಾಗದಲ್ಲಿದೆ.

ಇಂಥ ಕೂಡುಕೆಲಸ ಹೊಸದೇನಲ್ಲ. ಸಿ.ಟಿ. ಸ್ಕ್ಯಾನ್‌ಗಾಗಿ 1979ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಅಲನ್ ಕಾರ್ಮಾಕ್ ಭೌತವಿಜ್ಞಾನಿ, ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಜಿನಿಯರ್. ಕೇಪ್‌ಟೌನ್‌ನಲ್ಲಿ ಪಾಠ ಮಾಡುತ್ತಿದ್ದ ಕಾರ್ಮಾಕ್, ವಿಕಿರಣ ಸೂಸುವ ಐಸೊಟೋಪುಗಳ ಬಳಕೆಗೆ ಭೌತವಿಜ್ಞಾನಿಯ ಮೇಲ್ವಿಚಾರಣೆ ಕಡ್ಡಾಯವೆಂಬ ಕಾನೂನಿನಿಂದಾಗಿ 1956ರಲ್ಲಿ ವಾರಕ್ಕೆ ಒಂದೂವರೆ ದಿನ ಗ್ರೂಟ್ ಶೂರ್ ಆಸ್ಪತ್ರೆಗೆ ಹೋಗುತ್ತಿದ್ದರು. ಎಲುಬು, ಮಾಂಸ, ಶ್ವಾಸಕೋಶ ಎಲ್ಲವೂ ಒಂದೇ ಎಂಬಂತೆ ಅಲ್ಲಿ ಡೋಸ್ ಲೆಕ್ಕ ಹಾಕುತ್ತಿದ್ದುದನ್ನು ಕಂಡಾಗಲೇ ದೇಹದ ಒಳಗನ್ನು ಹೊರಗಿನಿಂದ ಅಳೆಯುವ ಗಣಿತ ಅವರ ತಲೆ ಹೊಕ್ಕಿದ್ದು. ಇಬ್ಬರಿಗೂ ಪಿಎಚ್.ಡಿ. ಇರಲಿಲ್ಲ ಎಂಬುದು ಬೇರೆ ಮಾತು. ಇಂದು ಆ ಪದವಿಯಿಲ್ಲದೆ ಸ್ವತಂತ್ರವಾಗಿ ಸಂಶೋಧನಾ ಅನುದಾನ ಕೇಳುವುದು ಕಷ್ಟ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಬೆಂಗಳೂರೊಂದರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಬಯೋಎಂಜಿನಿಯರಿಂಗ್ ವಿಭಾಗವೂ ಇದೆ, ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಒಬ್ಬ ಮಾರ್ಗದರ್ಶಕರು ಪ್ರಯೋಗಾಲಯದವರು, ಇನ್ನೊಬ್ಬರು ಆಸ್ಪತ್ರೆಯವರು ಎಂಬ ವ್ಯವಸ್ಥೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಪ್ರವೇಶ ಪ್ರಕಟಣೆಯಲ್ಲಿಯೇ ಸಾರಬೇಕು. ಸಂದರ್ಶನದಲ್ಲಿ ಕ್ಲಿನಿಕಲ್ ತರಬೇತಿಗೂ ಅಂಕ ಸಿಗಬೇಕು. ನಮ್ಮಲ್ಲಿ ಕೊರತೆಯಿರುವ ಸರ್ಕ್ಯೂಟು, ಜೀವಶಾಸ್ತ್ರಗಳನ್ನು ಕೋರ್ಸ್‌ವರ್ಕ್‌ನಲ್ಲಿ ಕಲಿಯಲು ನಾವು ಸಿದ್ಧರಿದ್ದೇವೆ. ಆಸ್ಪತ್ರೆಯ ಆಡಳಿತಗಳಿಗೂ ಒಂದು ಮನವಿ: ಒಬ್ಬರೋ ಇಬ್ಬರೋ ಭೌತವಿಜ್ಞಾನಿಗಳಿರುವ ಕಡೆ ಒಬ್ಬರು ತರಗತಿಗೆ ಹೋದರೆ ಯಂತ್ರದ ಕೆಲಸವೇ ತೂಗುಯ್ಯಾಲೆಗೆ ಬೀಳುವುದರಿಂದ, ನಿರಾಕ್ಷೇಪಣಾ ಪತ್ರದ ಜೊತೆಗೆ ಆ ದಿನಗಳ ಮಟ್ಟಿಗೆ ಬದಲಿ ಭೌತವಿಜ್ಞಾನಿಯನ್ನೂ ಮಂಜೂರು ಮಾಡಬೇಕು.

ಇತಿ ತಮ್ಮ ವಿಶ್ವಾಸಿ,
ವೈದ್ಯಕೀಯ ಭೌತವಿಜ್ಞಾನಿ, ಮೈಸೂರು