ನೀರಿನ ಜೊತೆ ಕೆಸರು, ಬಳಚು, ಪಚ್ಚಿಲೆಯನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

2025ರ ಮೇ 25ರಂದು ಕೊಚ್ಚಿಯ ಆಚೆ ಸಮುದ್ರದಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. ಅದರಲ್ಲಿ 640 ಕಂಟೇನರ್‌ಗಳಿದ್ದವು. ಟ್ಯಾಂಕುಗಳಲ್ಲಿ ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಹದಿನೈದೇ ದಿನಕ್ಕೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಪಾರಾದ ಸಿಬ್ಬಂದಿಯನ್ನು ನೌಕಾಪಡೆ ಕರೆತಂದು ಇಳಿಸಿದ್ದು ಮಂಗಳೂರಿನ ನಮ್ಮ ಪಣಂಬೂರಿನಲ್ಲಿ. ಆಗ ಮೀನು ತಿನ್ನುವವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: ಮೀನು ತಿನ್ನಬಹುದಾ?

ಇಂಥ ಹೊತ್ತಿನಲ್ಲಿ ನಾವು ಉತ್ತರ ಹುಡುಕುವುದು ನೀರಿನಲ್ಲಿ. ಬಾಟಲಿಗೆ ನೀರು ತುಂಬಿ ಲ್ಯಾಬಿಗೆ ಕಳಿಸುತ್ತೇವೆ. ವರದಿ ಸರಿಯಿದ್ದರೆ ನೆಮ್ಮದಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳಾಗಿ ನಾನು ಹೇಳಬೇಕಾದದ್ದು ಇಷ್ಟು. ನೀರಿನ ವರದಿ ಬೇಕು, ಆದರೆ ಅದೊಂದೇ ಸಾಲದು. ಸಮುದ್ರ ಸೇರುವ ಎಷ್ಟೋ ವಿಷಗಳು ನೀರಿನಲ್ಲಿ ಹೆಚ್ಚು ದಿನ ನಿಲ್ಲುವುದೇ ಇಲ್ಲ. ಅವು ಹೋಗಿ ಕೂರುವುದು ತಳದ ಕೆಸರಿನಲ್ಲಿ ಮತ್ತು ಜೀವಿಗಳ ಮೈಯಲ್ಲಿ. ನಾವು ಅಲ್ಲಿ ನೋಡುವುದು ಕಡಿಮೆ.

ಎಣ್ಣೆಯನ್ನೇ ತೆಗೆದುಕೊಳ್ಳಿ. ಚೆಲ್ಲಿದ ಎಣ್ಣೆಯ ಹಗುರ ಭಾಗ ಒಂದೆರಡು ದಿನದಲ್ಲಿ ಆವಿಯಾಗುತ್ತದೆ. ಉಳಿದದ್ದು ಅಲೆಗೆ ಸಿಕ್ಕಿ ನೀರಿನ ಜೊತೆ ಕಲಸಿ ಮಂದವಾಗುತ್ತದೆ, ಆಮೇಲೆ ಗಟ್ಟಿ ಉಂಡೆಯಾಗುತ್ತದೆ. ಮಳೆಗಾಲದ ಹೊತ್ತಿಗೆ ಗೋವಾದಲ್ಲಿ, ನಮ್ಮ ಉತ್ತರ ಕನ್ನಡದ ದಂಡೆಗಳಲ್ಲಿ ಕಾಲಿಗೆ ಅಂಟುವ ಡಾಂಬರು ಉಂಡೆ ಅದೇ. ಅದು ಬಂದು ಬಿದ್ದ ದಿನ ಪಕ್ಕದ ನೀರನ್ನು ಪರೀಕ್ಷೆ ಮಾಡಿದರೆ ಎಣ್ಣೆಯ ಅಂಶ ಸಿಗದೇ ಹೋಗಬಹುದು. ಹಾಗಂತ ಎಣ್ಣೆ ಬಂದಿಲ್ಲ ಅನ್ನೋಕಾಗುತ್ತಾ?

ಪಾದರಸ, ಸೀಸದಂಥ ಲೋಹಗಳು ಮತ್ತು ಡಿಡಿಟಿಯಂಥ ಹಳೆ ಕೀಟನಾಶಕಗಳದ್ದು ಇನ್ನೊಂದು ದಾರಿ. ಇವು ನುಣ್ಣನೆಯ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತವೆ. ಹೊಳೆಯ ಸಿಹಿನೀರಿನಲ್ಲಿ ಆ ಕಣಗಳು ತೇಲುತ್ತಾ ಬರುತ್ತವೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪುನೀರು ತಾಗಿದ ಕೂಡಲೇ ಒಂದಕ್ಕೊಂದು ಅಂಟಿ, ಭಾರವಾಗಿ, ಕೆಳಗೆ ಇಳಿಯುತ್ತವೆ. ಘಟ್ಟದ ಮೇಲಿನ ತೋಟ, ಪೇಟೆ, ಕಾರ್ಖಾನೆಗಳಿಂದ ಹೊಳೆಗೆ ಬಿದ್ದದ್ದು ಹೀಗೆ ಅಳಿವೆಯ ಕೆಸರಿನಲ್ಲಿ ಸೇರುತ್ತಾ ಹೋಗುತ್ತದೆ. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿಡಿಟಿ ಬಳಸುವುದನ್ನು ನಿಲ್ಲಿಸಿದ್ದು 1989ರಲ್ಲಿ. ಅದು ಬೇಗ ಕೊಳೆಯುವ ವಸ್ತುವಲ್ಲ.

ಅಳಿವೆಯ ಕೆಸರು ಅಂದರೆ ನಮ್ಮ ಊಟದ ಜಾಗ. ನಮ್ಮ ಕುಮಟಾ ಹತ್ತಿರದ ಅಘನಾಶಿನಿ ಹೊಳೆಯ ಅಳಿವೆಗೆ ಇಳಿತದ ಹೊತ್ತಿಗೆ ಬಂದು ನೋಡಿ. ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದದ ನೀರಿನಲ್ಲಿ ನಿಂತಿರುತ್ತಾರೆ. ಕೆಸರಿನೊಳಗೆ ಪಾದ ಆಡಿಸಿಯೇ ಬಳಚು (ಕೆಸರಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ) ಎಲ್ಲಿದೆ ಅಂತ ತಿಳಿಯುತ್ತಾರೆ, ಬಗ್ಗಿ ತೆಗೆದು ಬುಟ್ಟಿಗೆ ಹಾಕುತ್ತಾರೆ. ಮನೆಗೆ ತಂದ ಮೇಲೆ ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಅದು ಮರಳು ಕಾರುತ್ತದೆ. ಬೆಳಿಗ್ಗೆ ಪಾತ್ರೆಯ ತಳದಲ್ಲಿ ಬೂದುಬಣ್ಣದ ಮರಳು ಕೂತಿರುತ್ತದೆ. ಬಳಚು ಚೊಕ್ಕಟವಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಮರಳೇನೋ ಹೋಗಿರುತ್ತದೆ. ಮಾಂಸದಲ್ಲಿ ಸೇರಿದ ಲೋಹ ಒಂದು ರಾತ್ರಿ ನೆನೆಸಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಸಂತೋಷದ ಸಂಗತಿ. ಆ ಕೆಸರಿನಲ್ಲಿ ಏನಿದೆ ಎಂಬ ಲೆಕ್ಕ ಬಳಚು ತೆಗೆಯುವ ಹೆಂಗಸರ ಕೈಗೂ ಸಿಗಬೇಕು ಅಲ್ವಾ?

ಬಳಚಿನಲ್ಲಿ ವಿಷ ಇದೆ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ಓದಬೇಡಿ. ಸುಮ್ನೆ ಹೆದರಿಸಿದರೆ ಹೊಡೆತ ಬೀಳುವುದು ಬುಟ್ಟಿ ಹೊತ್ತು ಮಾರುವವರಿಗೆ. ಅಂದಾಜಿನ ಮಾತು ಬೇಡ, ಅಳತೆ ಬೇಕು ಅನ್ನುವುದಷ್ಟೇ ನನ್ನ ಬೇಡಿಕೆ.

ಅಳತೆಗೆ ಬಳಚು, ಪಚ್ಚಿಲೆಗಿಂತ ಒಳ್ಳೆಯ ಸಾಧನ ಇಲ್ಲ. ಪಚ್ಚಿಲೆ ಅಂದರೆ ಬಂಡೆಗೆ ಅಂಟಿ ಬದುಕುವ ಎರಡು ಚಿಪ್ಪಿನ ಜೀವಿ, ಅದು ಬಂಡೆ ಬಿಟ್ಟು ಕದಲುವುದಿಲ್ಲ. ಗಂಟೆಗೆ ಒಂದೆರಡು ಲೀಟರ್ ನೀರು ಸೋಸುತ್ತಾ ಅದರಲ್ಲಿರುವುದನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ಬಾಟಲಿಯ ನೀರು ಆ ಒಂದು ಕ್ಷಣದ ಸುದ್ದಿ ಹೇಳಿದರೆ, ಪಚ್ಚಿಲೆ ಕೆಲವು ತಿಂಗಳುಗಳ ಸುದ್ದಿ ಹೇಳುತ್ತದೆ. 1975ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ ಇದನ್ನೇ ಹೇಳಿದ್ದರು. 1986ರಿಂದ ಆ ದೇಶ ತನ್ನ ಕರಾವಳಿಯ ಪಚ್ಚಿಲೆ, ಸಿಂಪಿಗಳನ್ನು ಪರೀಕ್ಷಿಸುವ ಮಸಲ್ ವಾಚ್ ಕಾರ್ಯಕ್ರಮ ನಡೆಸುತ್ತಿದೆ.

ನೀರು ನೋಡಲು ಚೆನ್ನಾಗಿದ್ದೂ ಜೀವಿಗಳು ಕೆಟ್ಟ ಕಥೆ ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯದ್ದು. ಅಲ್ಲಿಯವರ ಬದುಕು ಸಿಂಪಿ ಸಾಕಣೆ. 1970ರ ದಶಕದ ಕೊನೆಗೆ ಸಿಂಪಿಯ ಮರಿಗಳು ಉಳಿಯದಾದವು. ದೊಡ್ಡವುಗಳ ಚಿಪ್ಪು ವಿಪರೀತ ದಪ್ಪವಾಗಿ ಒಳಗೆ ಮಾಂಸಕ್ಕೇ ಜಾಗ ಇಲ್ಲದಂತಾಯಿತು. ಕಾರಣ ಹುಡುಕಿದರೆ ಸಿಕ್ಕಿದ್ದು ದೋಣಿಗಳ ತಳಕ್ಕೆ ಬಳಿಯುವ ಬಣ್ಣ. ಚಿಪ್ಪುಜೀವಿ, ಪಾಚಿ ಹತ್ತದಿರಲಿ ಅಂತ ಅದರಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತ ಸೇರಿಸುತ್ತಿದ್ದರು. ಲೀಟರ್ ನೀರಿನಲ್ಲಿ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು ಇದ್ದರೂ ಸಾಕು, ಕೆಲವು ಜಾತಿಯ ಹೆಣ್ಣು ಶಂಖದ ಹುಳುಗಳಿಗೆ ಗಂಡು ಅಂಗ ಬೆಳೆಯುತ್ತಿತ್ತು. ಕೆಟ್ಟರೆ ಸಂತಾನವೇ ನಿಲ್ಲುತ್ತಿತ್ತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣ ನಿಷೇಧಿಸಿತು. ಆಮೇಲೆ ಸಿಂಪಿಮರಿಗಳು ಮತ್ತೆ ಬಂದವು. ಜಗತ್ತಿನ ಎಲ್ಲ ಹಡಗುಗಳಿಗೂ ಅನ್ವಯಿಸುವ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ.

ಇದರಲ್ಲಿ ನಾವು ಗಮನಿಸಬೇಕಾದ್ದು ಇನ್ನೊಂದಿದೆ. ಈ ತವರದ ಸಂಯುಕ್ತ ಬಿಸಿಲು ಬೀಳುವ ನೀರಿನಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಒಡೆದುಹೋಗುತ್ತದೆ. ಗಾಳಿಯಾಡದ ಕಪ್ಪು ಹೂಳಿನಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ನಮ್ಮ ಬಂದರುಗಳಲ್ಲಿ ಹೂಳು ತುಂಬುತ್ತಲೇ ಇರುತ್ತದೆ, ಹೂಳೆತ್ತಿ ಅಂತ ಮೀನುಗಾರರು ಕೇಳುತ್ತಲೇ ಇರುತ್ತಾರೆ. ಅವರು ಕೇಳುವುದು ನ್ಯಾಯವೇ, ಅಳಿವೆ ಬಾಗಿಲಲ್ಲಿ ದೋಣಿ ಮಗುಚಿ ಜೀವ ಹೋಗುತ್ತದೆ. ಆದರೆ ಎತ್ತುವ ಮೊದಲು ಹೂಳಿನಲ್ಲಿ ಏನಿದೆ ಅಂತ ನೋಡದಿದ್ದರೆ, ತಳದಲ್ಲಿ ಅಡಗಿದ್ದನ್ನು ನಾವೇ ಕದಡಿ ಮೇಲೆ ತಂದ ಹಾಗೆ. ಜೂನ್, ಜುಲೈ ರಜೆಯಲ್ಲಿ ದೋಣಿಗಳನ್ನು ದಡಕ್ಕೆಳೆದು ಹಳೆ ಬಣ್ಣ ಕೆರೆಯುತ್ತಾರಲ್ಲ, ಆ ಪುಡಿ ಮಳೆನೀರಿನ ಜೊತೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಈಗಿನ ಬಣ್ಣಗಳಲ್ಲಿ ಹೆಚ್ಚಾಗಿ ಇರುವುದು ತಾಮ್ರ.

ಪಾದರಸದ ವಿಷಯಕ್ಕೆ ಬಂದರೆ ಜಪಾನಿನ ಮಿನಮಾಟಾ ಎಲ್ಲರಿಗೂ ಗೊತ್ತು. ಅಲ್ಲಿನ ಚಿಸ್ಸೋ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಇದ್ದ ತ್ಯಾಜ್ಯ ಬಿಟ್ಟಿತು. ಅಲ್ಲಿನ ಮೀನು ತಿಂದವರಿಗೆ ಬಂದ ನರಗಳ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಮೀಥೈಲ್ ಪಾದರಸ, ಅಂದರೆ ಜೀವಿಗಳ ಮೈಯಲ್ಲಿ ಕೂಡಿಕೊಳ್ಳುವ ಪಾದರಸದ ಸಂಯುಕ್ತ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತಾ ಹಂತಹಂತಕ್ಕೂ ಜಾಸ್ತಿಯಾಗುತ್ತದೆ. ತಾಯಿಗೆ ಅಷ್ಟೇನೂ ತೊಂದರೆ ಕಾಣದಿದ್ದರೂ ಹೊಟ್ಟೆಯಲ್ಲಿದ್ದ ಮಗುವಿನ ಮೆದುಳು ಕೆಟ್ಟಿತು. ಕಾರ್ಖಾನೆ ಬಿಡುವುದನ್ನು ನಿಲ್ಲಿಸಿದ ಮೇಲೂ ತಳದ ಕೆಸರು ಹಾಗೇ ಇತ್ತು. 1977ರಿಂದ 1990ರವರೆಗೆ ಅದನ್ನು ಎತ್ತಿ 58 ಹೆಕ್ಟೇರ್ ಜಾಗ ತುಂಬಿ ಮುಚ್ಚಬೇಕಾಯಿತು. ಕೊಲ್ಲಿಯ ಮೀನು ಹೊರಗೆ ಹೋಗದಂತೆ ಕಟ್ಟಿದ್ದ ಬಲೆ ತೆಗೆದದ್ದು 1997ರಲ್ಲಿ. ವಿಷ ಬಿಡುವುದು ನಿಂತ ಮೇಲೆ ಸುಮಾರು ಮೂವತ್ತು ವರ್ಷ!

ನಮ್ಮ ತಟ್ಟೆಗೆ ಬರುವ ಬೂತಾಯಿ, ಬಂಗುಡೆಗೆ ಆಯಸ್ಸು ಕಡಿಮೆ, ತಿನ್ನುವುದೂ ಸಣ್ಣಪುಟ್ಟದ್ದು. ಹಾಗಾಗಿ ಅವುಗಳಲ್ಲಿ ಪಾದರಸ ಸಾಮಾನ್ಯವಾಗಿ ಕಡಿಮೆ. ಬಹಳ ವರ್ಷ ಬದುಕುವ ದೊಡ್ಡ ಶಾರ್ಕ್‌ನಂಥ ಮೀನಿನಲ್ಲಿ ಜಾಸ್ತಿ. ಬಸುರಿಯರಿಗೆ ಇಷ್ಟು ಮಾತು ಆಶಾ ಕಾರ್ಯಕರ್ತೆಯರ ಮೂಲಕ ತಲುಪಿದರೂ ಎಷ್ಟೋ ಉಪಕಾರ. ಮೀನು ಬಿಡಿ ಅನ್ನಬೇಕಿಲ್ಲ, ಯಾವ ಮೀನು ಅಂತ ಹೇಳಿದರೆ ಸಾಕು.

ಬೊಂಡಾಸಿನ (ಸ್ಕ್ವಿಡ್) ಮಾತೂ ಹೇಳಬೇಕು. ಅದರ ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಸೇರುತ್ತದೆ. ಅದರಲ್ಲಿ ಸಮುದ್ರದ್ದೇ ಆದ ನೈಸರ್ಗಿಕ ಕ್ಯಾಡ್ಮಿಯಂ ಕೂಡ ಇರುತ್ತದೆ. ಯುರೋಪಿಗೆ ಕಳಿಸುವ ಬೊಂಡಾಸನ್ನು ಇದಕ್ಕಾಗಿಯೇ ಪರೀಕ್ಷಿಸುತ್ತಾರೆ, ಮಿತಿ ಮೀರಿದರೆ ತಡೆಯುತ್ತಾರೆ. ಪರದೇಶದ ಗಿರಾಕಿಗೆ ಇರುವ ಈ ಕಾಳಜಿ ಕುಮಟಾ, ಮಲ್ಪೆ ಮಾರ್ಕೆಟ್‌ನ ಗಿರಾಕಿಗೂ ಸಿಗಬೇಕು. ಅಲ್ಲಿಯವರೆಗೆ, ಬೊಂಡಾಸು ಹಸನು ಮಾಡುವಾಗ ಒಳಗಿನದನ್ನೆಲ್ಲ ಪೂರ್ತಿ ತೆಗೆದು ಎಸೆಯಿರಿ.

ಕೇರಳ ಸರ್ಕಾರ ಎಲ್ಸಾ 3 ಹಡಗು ಮುಳುಗಿದ್ದಕ್ಕೆ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ನಾಳೆ ನಮ್ಮ ಕಡಲಲ್ಲಿ ಅಂಥದ್ದು ಆದರೆ, ಮೊದಲು ಕೆಸರಿನಲ್ಲಿ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ಕೋರ್ಟು ಕೇಳುತ್ತದೆ. ಮೊದಲಿನ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ವಾದ ಮಾಡುವುದು ಹೇಗೆ?

ಕೇಂದ್ರ ಸರ್ಕಾರ 1990ರ ದಶಕದಿಂದಲೇ ಕರಾವಳಿ ನೀರಿನ ಮೇಲೆ ನಿಗಾ ಇಡುವ ಯೋಜನೆ ನಡೆಸುತ್ತಿದೆ. ಅದರ ಜೊತೆಗೆ ರಾಜ್ಯ ಸರ್ಕಾರ ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ಮುಲ್ಕಿ, ನೇತ್ರಾವತಿ ಅಳಿವೆಗಳ ಕೆಸರು ಮತ್ತು ಚಿಪ್ಪುಜೀವಿಗಳನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸಲಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲಿವೆ, ಗೋವಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಕೆಲಸ ಬಲ್ಲವರು ಹತ್ತಿರದಲ್ಲೇ ಇದ್ದಾರೆ. ಬರುವ ಫಲಿತಾಂಶ ಕಡತದೊಳಗೆ ಉಳಿಯಬಾರದು. ಪಾದರಸ, ಸೀಸ, ಕ್ಯಾಡ್ಮಿಯಂ ಎಷ್ಟು, ಮಿತಿ ಎಷ್ಟು ಅಂತ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಪ್ರತಿ ದಕ್ಕೆಯಲ್ಲಿ, ಮೀನು ಮಾರ್ಕೆಟ್‌ನಲ್ಲಿ ಬೋರ್ಡ್ ಹಾಕಲಿ. ಮಿತಿಯೊಳಗೆ ಇದ್ದರೆ ಮೀನು ಮಾರುವ ಅಕ್ಕಂದಿರು ಗಿರಾಕಿಗೆ ಆ ಬೋರ್ಡನ್ನೇ ತೋರಿಸಬಹುದು. ಮೀರಿದ್ದರೆ ಯಾವ ಅಳಿವೆಯಿಂದ ಎಷ್ಟು ದಿನ ಬಳಚು ತೆಗೆಯಬಾರದು, ಆ ದಿನಗಳಿಗೆ ತೆಗೆಯುವವರಿಗೆ ಎಷ್ಟು ಪರಿಹಾರ ಅನ್ನುವುದನ್ನೂ ಅದೇ ಬೋರ್ಡಿನಲ್ಲಿ ಬರೆಯಲಿ.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ಕುಮಟಾ