ಯಾವ ಇಲಿಯ ಮೇಲೆ ಯಾವ ಚಿಗಟ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

1994ರಲ್ಲಿ ಬೀಡ್ ಮತ್ತು ಸೂರತ್‌ನಲ್ಲಿ ಪ್ಲೇಗ್ ಮರಳಿ ಬರುವ ಮೊದಲು ದೇಶದಲ್ಲಿ ದಾಖಲಾದ ಕೊನೆಯ ಪ್ಲೇಗ್ ನಮ್ಮ ಕೋಲಾರ ಜಿಲ್ಲೆಯದು, 1966ರದು. ಆಮೇಲೆ ಅಲ್ಲಿ ಮನುಷ್ಯರಿಗೆ ರೋಗ ತಗುಲದಿದ್ದರೂ, ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಕೂಡುವ ಆ ಸೀಮೆಯನ್ನು ಪ್ಲೇಗಿನ ನೈಸರ್ಗಿಕ ನೆಲೆ, ಅಂದರೆ ರೋಗ ಪ್ರಾಣಿಗಳಲ್ಲೇ ಉಳಿದುಕೊಳ್ಳುವ ಜಾಗ, ಎಂದೇ ಪರಿಗಣಿಸಿ ಇಲಿಗಳ ರಕ್ತ ಪರೀಕ್ಷಿಸುತ್ತಾ ಬರಲಾಗಿದೆ. ಈ ಕಣ್ಗಾವಲಿನ ಒಂದು ಅಂಶದ ಬಗ್ಗೆ ಮಾತ್ರ ನಮ್ಮ ಕೋರಿಕೆ. ಇಲಿಯಿಂದ ಮನುಷ್ಯನಿಗೆ ಪ್ಲೇಗ್ ದಾಟಿಸುವುದು ಚಿಗಟ. ಸಿಕ್ಕ ಪ್ರತಿ ಚಿಗಟವೂ ಯಾವ ಪ್ರಭೇದದ್ದು, ಯಾವ ಪ್ರಾಣಿಯ ಮೇಲಿತ್ತು, ಆ ಪ್ರಾಣಿ ಮನೆಯೊಳಗೆ ಸಿಕ್ಕಿತೋ ಹೊಲದ ಬದುವಿನಲ್ಲೋ, ಯಾವ ತಿಂಗಳಲ್ಲಿ ಎಂಬುದನ್ನು ಬೇರೆ ಬೇರೆಯಾಗಿ ದಾಖಲಿಸುವುದನ್ನು ಕಡ್ಡಾಯ ಮಾಡಿ. ಆ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಿ.

ಇದು ಬರೀ ಸಂಶೋಧಕರಿಗೆ ಬೇಕಾದ ಸೂಕ್ಷ್ಮವಲ್ಲ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗ್ ದಖನ್ನಿನ ಊರೂರುಗಳನ್ನು ಖಾಲಿ ಮಾಡಿಸುತ್ತಿದ್ದಾಗ ಮದರಾಸು ನಗರ ಬಹುಪಾಲು ಪಾರಾಗಿತ್ತು. ಅಲ್ಲಿಯೂ ಇಲಿಗಳಿದ್ದವು, ಚಿಗಟಗಳೂ ಇದ್ದವು. ಕೊಲಂಬೊದಲ್ಲಿದ್ದ ಹರ್ಸ್ಟ್, ಭಾರತದಲ್ಲಿದ್ದ ಕ್ರ್ಯಾಗ್ ಮುಂತಾದ ಸಂಶೋಧಕರು ಚಿಗಟಗಳನ್ನು ಸೂಕ್ಷ್ಮದರ್ಶಕದಡಿ ಬೇರ್ಪಡಿಸಿದಾಗ ಮದರಾಸಿನಲ್ಲಿ ಹೆಚ್ಚಾಗಿದ್ದದ್ದು ಝೆನೊಪ್ಸಿಲ್ಲಾ ಆಸ್ಟಿಯಾ ಎಂಬ ಪ್ರಭೇದದ ಚಿಗಟವೆಂದು ತಿಳಿಯಿತು. ಪ್ಲೇಗನ್ನು ಸಮರ್ಥವಾಗಿ ಹರಡುವುದು ಅದರ ದಾಯಾದಿ ಝೆನೊಪ್ಸಿಲ್ಲಾ ಕಿಯೋಪಿಸ್. ಬರಿಗಣ್ಣಿಗೆ ಎರಡೂ ಒಂದೇ. ‘ಚಿಗಟ’ ಎಂದಷ್ಟೇ ಬರೆದಿದ್ದರೆ ಆ ವ್ಯತ್ಯಾಸ ಇಂದಿಗೂ ಗೊತ್ತಾಗುತ್ತಿರಲಿಲ್ಲ.

ಯಾವ ಚಿಗಟ ಎಲ್ಲಿರುತ್ತದೆ ಎಂಬುದನ್ನು ಪ್ರಾಣಿ ಒಂದೇ ನಿರ್ಧರಿಸುವುದಿಲ್ಲ. ಚಿಗಟದ ಮೊಟ್ಟೆ, ಮರಿಹುಳು, ಗೂಡುಹುಳು ಮೂರೂ ಇಲಿಯ ಮೈಮೇಲಲ್ಲ, ಅದರ ಗೂಡಿನ ಕಸದಲ್ಲಿ ಬೆಳೆಯುತ್ತವೆ. ಕಾಲಿಲ್ಲದ ಮರಿಹುಳು ಒಣಹವೆಗೆ ಬೇಗ ಸಾಯುತ್ತದೆ. ಆದ್ದರಿಂದ ಬಿಲದ ಆಳ, ಮಣ್ಣಿನ ತೇವ, ಗೂಡಿನ ಉಷ್ಣಾಂಶ ಇವೆಲ್ಲ ಇಲಿಯ ಪ್ರಭೇದದಷ್ಟೇ ಮುಖ್ಯ. ಇಸ್ರೇಲಿನ ನೆಗೆವ್ ಮರುಭೂಮಿಯ ರಾಮೋನ್ ಪ್ರದೇಶದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಇದೆ: ಒಂದೇ ಪ್ರಭೇದದ ಮರುಭೂಮಿ ಇಲಿಯ ಮೇಲೆ ಒಂದು ಬಗೆಯ ನೆಲದಲ್ಲಿ ಝೆನೊಪ್ಸಿಲ್ಲಾ ಕಾನ್ಫಾರ್ಮಿಸ್, ಇನ್ನೊಂದು ಬಗೆಯ ನೆಲದಲ್ಲಿ ಝೆನೊಪ್ಸಿಲ್ಲಾ ರಾಮೆಸಿಸ್. ಪ್ರಾಣಿ ಅದೇ, ನೆಲ ಬದಲಾದರೆ ಚಿಗಟವೂ ಬದಲು.

ಕೋಲಾರದ ಬಯಲಿನಲ್ಲಿ ಪ್ಲೇಗನ್ನು ಕಾಪಿಟ್ಟುಕೊಳ್ಳುವ ಪ್ರಾಣಿ ಟಟೇರಾ ಇಂಡಿಕಾ, ಅಂದರೆ ರಾಗಿ ಮತ್ತು ಕಡಲೆಕಾಯಿ ಹೊಲದ ಬದುಗಳಲ್ಲಿ ಬಿಲ ತೋಡುವ, ಬಾಲದ ತುದಿಯಲ್ಲಿ ಕುಚ್ಚಿರುವ ಜರ್ಬಿಲ್ ಇಲಿ. ಅದು ಮನೆಯೊಳಗೆ ಬರುವುದು ಕಡಿಮೆ. ಮನೆಯ ಕರಿ ಇಲಿ ಅತ್ತ ಹಿತ್ತಲು, ಕಣ, ಬಣವೆಯವರೆಗೂ ಹೋಗುತ್ತದೆ, ಇತ್ತ ಅಟ್ಟಕ್ಕೂ ಹತ್ತುತ್ತದೆ. ಸುಂಡಿಲಿ, ಹೆಗ್ಗಣ ಎರಡೂ ಈ ನಡುವೆ ಓಡಾಡುತ್ತವೆ. ಒಂದರ ಚಿಗಟ ಇನ್ನೊಂದಕ್ಕೆ ದಾಟುವುದು ಇಂಥ ಗಡಿಗಳಲ್ಲೇ. ಹೀಗಾಗಿ ಬೋನುಗಳನ್ನು ಮನೆಯೊಳಗೆ, ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಮೂರೂ ಕಡೆ ಇಡಬೇಕು. ಊರೊಳಗಷ್ಟೇ ಇಟ್ಟರೆ ರೋಗದ ನೆಲೆ ಕಾಣುವುದಿಲ್ಲ, ಹೊಲದಲ್ಲಷ್ಟೇ ಇಟ್ಟರೆ ಅಪಾಯ ಕಾಣುವುದಿಲ್ಲ.

ಈಗ ಲೆಕ್ಕದ ವಿಷಯ. ಒಂದು ಇಲಿಗೆ ಸರಾಸರಿ ಎಷ್ಟು ಕಿಯೋಪಿಸ್ ಎಂಬ ಸೂಚ್ಯಂಕ 1 ಮುಟ್ಟಿದರೆ ಅಪಾಯವೆಂದು ಎಣಿಸುವುದು ರೂಢಿ. ಒಂದು ಊರಲ್ಲಿ ಮನೆಯೊಳಗೆ 30 ಕರಿ ಇಲಿ ಸಿಕ್ಕು, ಅವುಗಳ ಮೇಲೆ 45 ಕಿಯೋಪಿಸ್ ಇದ್ದವು ಎಂದುಕೊಳ್ಳಿ. ಸೂಚ್ಯಂಕ 1.5, ಎಚ್ಚರಿಕೆ ಕೊಡಲೇಬೇಕು. ಅದೇ ಊರಿನ ಹೊಲದಲ್ಲಿ ಸಿಕ್ಕ 30 ಜರ್ಬಿಲ್‌ಗಳ ಮೇಲೆ ಕಿಯೋಪಿಸ್ ಒಂದೂ ಇಲ್ಲ. ಎರಡನ್ನೂ ಕೂಡಿಸಿ ಬರೆದರೆ 60 ಪ್ರಾಣಿಗೆ 45, ಅಂದರೆ 0.75. ಕಾಗದದ ಮೇಲೆ ಊರು ಸುರಕ್ಷಿತ! ಸರಾಸರಿಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಚಿಗಟಗಳು ಎಲ್ಲ ಇಲಿಗಳ ಮೇಲೆ ಸಮನಾಗಿ ಹಂಚಿರುವುದಿಲ್ಲ. ಬಹಳಷ್ಟು ಇಲಿಗಳ ಮೇಲೆ ಒಂದೂ ಇರದೆ, ಕೆಲವೇ ಇಲಿಗಳು ಹೇರಳವಾಗಿ ಹೊತ್ತಿರುತ್ತವೆ. ಆದ್ದರಿಂದ ಸೂಚ್ಯಂಕದ ಪಕ್ಕದಲ್ಲೇ ಶೇಕಡಾ ಎಷ್ಟು ಇಲಿಗಳಿಗೆ ಚಿಗಟವಿತ್ತು, ಒಟ್ಟು ಎಷ್ಟು ಇಲಿ ನೋಡಿದರು ಎಂಬುದೂ ಇರಬೇಕು.

ಎಣಿಕೆ ಹಾಳಾಗುವುದು ಬಹುಮಟ್ಟಿಗೆ ಕಚೇರಿಯಲ್ಲಲ್ಲ, ಬೋನಿನ ಬಳಿ. ಸಂಜೆ ಇಟ್ಟ ಬೋನನ್ನು ಬಿಸಿಲೇರುವ ಮೊದಲೇ ಎತ್ತಬೇಕು. ಬಿಸಿಲಿಗೆ ಇಲಿ ಸತ್ತು ಮೈ ತಣ್ಣಗಾದರೆ ಚಿಗಟಗಳು ಇಳಿದುಹೋಗುತ್ತವೆ, ಲೆಕ್ಕ ಸುಳ್ಳಾಗುತ್ತದೆ, ಬೋನು ಎತ್ತುವವನಿಗೂ ಅಪಾಯ. ಒಂದು ಪ್ರಾಣಿಗೆ ಒಂದೇ ಬಿಳಿ ಬಟ್ಟೆಚೀಲ, ಬಾಯಿ ಬಿಗಿದು ಕಟ್ಟಬೇಕು. ಅರಿವಳಿಕೆ ಕೊಟ್ಟ ಮೇಲೆ ಬಿಳಿ ಎನಾಮೆಲ್ ತಟ್ಟೆಯ ಮೇಲಿಟ್ಟು ಬಾಚುವುದು ಎಲ್ಲರೂ ಬಲ್ಲ ಕೆಲಸ. ಚೀಲದ ಹೊಲಿಗೆಯೊಳಗೆ ಉಳಿದ ಚಿಗಟ ಎಣಿಸುವುದು ಮರೆತುಹೋಗುತ್ತದೆ, ಆ ಚೀಲವನ್ನೇ ಮುಂದಿನ ಇಲಿಗೆ ಬಳಸಿದರೆ ಹೆಗ್ಗಣದ ಚಿಗಟ ಸುಂಡಿಲಿಯ ಲೆಕ್ಕಕ್ಕೆ ಸೇರುತ್ತದೆ. ಗುರುತಿಸಲು ಇಡುವ ಚಿಗಟಕ್ಕೆ ಶೇ 70ರ ಆಲ್ಕೋಹಾಲ್ ಸಾಕು, ಫಾರ್ಮಲಿನ್ ಬೇಡ. ಅದರಿಂದ ಡಿಎನ್‌ಎ ಕೆಡುತ್ತದೆ. ಶೀಶೆಯೊಳಗಿನ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಮೈಮೇಲಿನ ಚಿಗಟ ಒಟ್ಟು ಸಂಖ್ಯೆಯ ಒಂದು ಭಾಗ ಮಾತ್ರವಾದ್ದರಿಂದ, ಉದ್ದ ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಸುತ್ತಿ ಬಿಲದೊಳಗೆ ತೂರಿಸಿ ಅಲ್ಲಿನವನ್ನೂ ಹಿಡಿಯಬೇಕು.

ಗುರುತಿಸುವಿಕೆಗೆ ದುಬಾರಿ ಯಂತ್ರ ಬೇಡ. ಚಿಗಟದ ಕೆನ್ನೆಯಲ್ಲೂ ಕತ್ತಿನ ಹಿಂದೆಯೂ ಮುಳ್ಳಿನ ಸಾಲಿದ್ದರೆ ಅದು ಝೆನೊಪ್ಸಿಲ್ಲಾ ಅಲ್ಲ, ಬೆಕ್ಕು–ನಾಯಿ ಚಿಗಟದಂಥ ಬೇರೆ ಗುಂಪು, ಎರಡೂ ಕಡೆ ಇಲ್ಲದೆ ಎದೆಯ ನಡುಖಂಡದ ಪಕ್ಕದಲ್ಲಿ ನೆಟ್ಟಗೆ ಕಡ್ಡಿಯಂಥ ಗೆರೆಯಿದ್ದರೆ ಝೆನೊಪ್ಸಿಲ್ಲಾ. ಅದರ ಕಿಯೋಪಿಸ್, ಆಸ್ಟಿಯಾ, ಬ್ರೆಸಿಲಿಯೆನ್ಸಿಸ್ ಪ್ರಭೇದಗಳನ್ನು ಬೇರ್ಪಡಿಸಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೈ ತಿಳಿಯಾಗಿಸಿ, ಹೆಣ್ಣು ವೀರ್ಯ ಕೂಡಿಟ್ಟುಕೊಳ್ಳುವ ಕೋಶದ ಆಕಾರ, ಗಂಡಿನ ಜನನಾಂಗದ ರಚನೆ ನೋಡಬೇಕು. ಇದಕ್ಕೆ ಪಳಗಿದ ಕಣ್ಣು ಬೇಕು. ಅಂಥ ಕೀಟತಜ್ಞರ ಹುದ್ದೆ ಖಾಲಿ ಬಿದ್ದರೆ ಉಳಿದೆಲ್ಲ ಶ್ರಮ ವ್ಯರ್ಥ.

ಋತುವೂ ದಾಖಲಾಗಬೇಕು. ಸುಮಾರು 27 ಡಿಗ್ರಿ ದಾಟಿದ ಬಿಸಿಯಲ್ಲಿ ಚಿಗಟದ ಜಠರದ ಮುಂದೆ ಪ್ಲೇಗ್ ಬ್ಯಾಕ್ಟೀರಿಯಾ ಕಟ್ಟುವ ತಡೆ ಉಳಿಯುವುದು ಕಷ್ಟ. ಆ ತಡೆಯಿಂದಲೇ ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುವುದು. ಬೇಸಿಗೆಯ ಒಂದೇ ಸಮೀಕ್ಷೆ ನೋಡಿ ವರ್ಷವಿಡೀ ನಿಶ್ಚಿಂತೆ ಎನ್ನಲಾಗದು. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿತ ಕೊಳಚೆ ನೀರು ಹರಿಯುತ್ತಿದೆ. ಕೆರೆಯಂಚಿನ ಬದುಗಳಲ್ಲಿ ಬಿಲದ ತೇವ ಬದಲಾಗಿದ್ದರೆ ಚಿಗಟಗಳ ಬೆರಕೆಯೂ ಬದಲಾಗಬಹುದು. ನೀರು ಬಂದ ಕೆರೆಯ ಪಕ್ಕ ಒಂದು, ಬಾರದ ಕೆರೆಯ ಪಕ್ಕ ಒಂದು ಹೀಗೆ ಜೋಡಿ ಜಾಗಗಳನ್ನು ಸಮೀಕ್ಷೆಗೆ ಸೇರಿಸಿ.

ಕೊನೆಯದಾಗಿ, ಕೃಷಿ ಇಲಾಖೆಯೊಡನೆ ಒಂದು ಮಾತು ಆಗಲೇಬೇಕು. ಚಿಗಟ ಹೆಚ್ಚಿರುವ ಕಡೆ ಮೊದಲು ಇಲಿ ಪಾಷಾಣ ಇಟ್ಟರೆ, ಸತ್ತ ಇಲಿ ಬಿಟ್ಟ ಚಿಗಟಗಳು ಮನುಷ್ಯರನ್ನು ಹುಡುಕಿಕೊಂಡು ಬರುತ್ತವೆ. ಮೊದಲು ಬಿಲದ ಬಾಯಿಗೂ ಇಲಿದಾರಿಗೂ ಕೀಟನಾಶಕದ ಪುಡಿ ಹಾಕಿ, ಮತ್ತೆ ಎಣಿಸಿ, ಸೂಚ್ಯಂಕ ಇಳಿದ ಮೇಲಷ್ಟೇ ಜಿಂಕ್ ಫಾಸ್ಫೈಡ್ ಪಾಷಾಣ. ಭಾರತದ ಹಲವೆಡೆ ಕಿಯೋಪಿಸ್ ಡಿಡಿಟಿ ಕೀಟನಾಶಕಕ್ಕೆ ಬಗ್ಗದಾಗಿದೆ, ಹಾಗಾಗಿ ಪುಡಿ ಕೊಳ್ಳುವ ಮೊದಲು ಸ್ಥಳೀಯ ಚಿಗಟದ ಮೇಲೆ ಪರೀಕ್ಷಿಸಲಿ. ಊರಲ್ಲಿ ಇದ್ದಕ್ಕಿದ್ದಂತೆ ಇಲಿಗಳು ಸತ್ತು ಬೀಳತೊಡಗಿದರೆ ಬರಿಗೈಲಿ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸುವಂತೆ ಗ್ರಾಮ ಪಂಚಾಯಿತಿಗಳಿಗೆ ಸುತ್ತೋಲೆ ಹೊರಡಲಿ, ಅದರ ಪ್ರತಿ ಗಡಿಯಾಚೆಯ ಚಿತ್ತೂರು ಮತ್ತು ಕೃಷ್ಣಗಿರಿ ಜಿಲ್ಲಾಡಳಿತಕ್ಕೂ ಹೋಗಲಿ.

ಇಂತಿ ತಮ್ಮ ವಿಶ್ವಾಸಿಗಳು,
ಇಲಿ–ಚಿಗಟ ಸಮೀಕ್ಷೆಯ ಕ್ಷೇತ್ರದವರು